ಲೆಕ್ಕಕ್ಕೆ ಬಾರದ ಕೆಲಸ

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗಳ ಹಳೆಯ ಕಟ್ಟನ್ನು ವಾಚನಾಲಯದಲ್ಲಿ ತಿರುವಿ ನೋಡಿದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದಿರದು. ತಾಯಿಯನ್ನು ಕುರಿತ ಪದ್ಯವಿಲ್ಲದ ಸಂಚಿಕೆ ಅವುಗಳಲ್ಲಿ ಒಂದೂ ಇಲ್ಲ. ಆ ಪದ್ಯಗಳಲ್ಲಿ ತಾಯಿ ಕರುಣೆಯ ಕಡಲು, ತ್ಯಾಗದ ಮೂರ್ತಿ, ಕಣ್ಣಿಗೆ ಕಾಣುವ ದೇವರು. ಈ ಮಾತುಗಳು ಸುಳ್ಳೆಂದು ಹೇಳುವ ಎದೆಗಾರಿಕೆ ನನಗಿಲ್ಲ, ಇಚ್ಛೆಯೂ ಇಲ್ಲ. ಆದರೆ ಅಷ್ಟೊಂದು ಪದ್ಯಗಳ ನಡುವೆ, ಬೆಳಿಗ್ಗೆ ಐದು ಗಂಟೆಗೆ ಎದ್ದ ತಾಯಿ ರಾತ್ರಿ ಮಲಗುವವರೆಗೆ ಏನೇನು ಮಾಡುತ್ತಾಳೆಂಬುದನ್ನು ನೋಡಿ ಬರೆದ ಒಂದು ಪುಟವೂ ನನಗೆ ದೊರೆಯಲಿಲ್ಲ. ದೇವರಿಗೆ ಹಸಿವಿಲ್ಲ, ನಿದ್ರೆಯಿಲ್ಲ, ಸೊಂಟನೋವಿಲ್ಲ. ಆದ್ದರಿಂದ ಒಬ್ಬಳನ್ನು ದೇವರೆಂದು ಕರೆದುಬಿಟ್ಟರೆ ಅವಳ ಹಸಿವು ನಿದ್ರೆ ನೋವುಗಳನ್ನು ವಿಚಾರಿಸುವ ಹೊಣೆ ನಮ್ಮ ಹೆಗಲಿನಿಂದ ತಾನಾಗಿಯೆ ಇಳಿದುಹೋಗುತ್ತದೆ.

ಎಳೆಯ ಮಕ್ಕಳನ್ನು ಬೆಳೆಸುವ ತಾಯಿಯ ದಿನನಿತ್ಯದ ಕೆಲಸ ಒಂದು ವಿದ್ಯೆ. ಅದನ್ನು ವಿದ್ಯೆಯೆಂದು ತಿಳಿಯದೆ, ಕೆಲಸವೆಂದು ಎಣಿಸದೆ, ಬರಿಯ ಗುಣವೆಂದು ಹೊಗಳಿ ಕೈಬಿಟ್ಟಿರುವುದರಿಂದ ತಾಯಿಗೂ ನಷ್ಟ, ಮಕ್ಕಳಿಗೂ ನಷ್ಟ. ಇದು ನನ್ನ ಅಭಿಪ್ರಾಯ. ಇದನ್ನು ನನಗೆ ತಿಳಿದಮಟ್ಟಿಗೆ ಸಮರ್ಥಿಸಲು ಇಲ್ಲಿ ಪ್ರಯತ್ನಿಸುತ್ತೇನೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅವ್ವ ಮೂರನೆಯ ತರಗತಿಗೆ ಶಾಲೆ ಬಿಟ್ಟವಳು. ಅಕ್ಕ ಹತ್ತನೆಯ ತರಗತಿ ಮುಗಿಸಿ ಮದುವೆಯಾದಳು. ಎರಡನೆಯ ಬಾಣಂತನಕ್ಕೆ ತವರಿಗೆ ಬಂದು ಈಗ ಐದು ತಿಂಗಳು. ಮೂರು ವರ್ಷದ ಮಗಳೂ ಜೊತೆಗಿದ್ದಾಳೆ. ಹೀಗಾಗಿ ಈ ವರ್ಷ ನಾನು ಓದಿದ ಅರ್ಥಶಾಸ್ತ್ರದ ಪುಸ್ತಕದ ಬದಿಯಲ್ಲಿಯೆ ಈ ಇನ್ನೊಂದು ಪುಸ್ತಕವೂ ತೆರೆದಿತ್ತು.

ಒಂದು ಭಾನುವಾರ ಅಕ್ಕನ ದಿನವನ್ನು ಗಡಿಯಾರ ನೋಡಿ ಬರೆದಿಟ್ಟೆ. ನಸುಕಿನಲ್ಲಿ ಕೂಸು ಎದ್ದಿತು, ಹಾಲೂಡಿಸಿದಳು. ಅದರ ಬಟ್ಟೆ ಬದಲಾಯಿಸುವಾಗ ಮಲದ ಬಣ್ಣ ನೋಡಿ, ಹಿಂದಿನ ದಿನ ತಾನು ಏನು ತಿಂದಿದ್ದೆನೆಂದು ನೆನೆದುಕೊಂಡಳು. ಅಷ್ಟರಲ್ಲಿ ದೊಡ್ಡವಳು ಎದ್ದು, ತಮ್ಮನನ್ನು ಎತ್ತಿಕೊಂಡ ಮೇಲೆ ತನ್ನನ್ನೂ ಎತ್ತಿಕೊಳ್ಳಬೇಕೆಂದು ಹಠ ಹಿಡಿದಳು. ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳುವೆನೆಂದಳು. ಮೂರು ಗುಂಡಿಗೆ ಕಾಲುಗಂಟೆ ಹಿಡಿಯಿತು. ಅಕ್ಕ ಹಾಕಿದ್ದರೆ ಅರೆನಿಮಿಷದ ಕೆಲಸ. ಆದರೂ ಅವಳು ಕೈಕಟ್ಟಿ ಕುಳಿತು ಕಾದಳು. ಒಂದು ಬಟ್ಟಲು ಅನ್ನ ಉಣ್ಣಿಸಲು ಅಂಗಳದ ಕೋಳಿ, ಬೇಲಿಯ ಮೇಲಿನ ಓತಿಕ್ಯಾತ, ಎದುರುಮನೆಯ ಕರು ಎಲ್ಲವೂ ಬೇಕಾದವು. ಎರಡೂ ಮಕ್ಕಳು ಒಟ್ಟಿಗೆ ಮಲಗಿದ ಅರೆಗಂಟೆಯಲ್ಲಿ ಅವಳು ಮಲಗಲಿಲ್ಲ, ಬಟ್ಟೆ ಒಗೆದಳು. ರಾತ್ರಿ ಮೂರು ಸಲ ಎದ್ದಳು. ಹಿಡಿದ ಕೆಲಸವನ್ನು ನಡುವೆ ಯಾರೂ ಕರೆಯದೆ ಮುಗಿಸಿದ್ದು ಆ ದಿನದಲ್ಲಿ ಎರಡೇ ಸಲ.

ಹೊಲದ ಕೆಲಸಕ್ಕೂ ಈ ಕೆಲಸಕ್ಕೂ ಇರುವ ಭೇದ ಇಲ್ಲಿದೆ ಎಂದು ನನಗೆ ತೋರುತ್ತದೆ. ಕಳೆ ಕೀಳುವವಳ ಬೆನ್ನು ನೋಯುತ್ತದೆ, ನಿಜ; ಆದರೆ ಸಾಲು ಮುಗಿದಾಗ ಮುಗಿದ ಸಾಲು ಕಣ್ಣೆದುರಿಗೆ ಇರುತ್ತದೆ. ಎಳೆಯ ಮಕ್ಕಳ ತಾಯಿಗೆ ಆ ಸಮಾಧಾನವಿಲ್ಲ. ಒಗೆದ ಬಟ್ಟೆ ಮಧ್ಯಾಹ್ನಕ್ಕೆ ಮತ್ತೆ ಒದ್ದೆ. ಉಣ್ಣಿಸಿದ ಹೊಟ್ಟೆ ಮೂರು ಗಂಟೆಗೆ ಮತ್ತೆ ಖಾಲಿ. ಈ ಕೆಲಸದ ಆಯಾಸ ಅದರ ಭಾರದಲ್ಲಿರುವುದಕ್ಕಿಂತ ಹೆಚ್ಚಾಗಿ ಅದು ಚೂರುಚೂರಾಗಿ ಬರುವುದರಲ್ಲಿದೆ. ದಿನವಿಡೀ ದುಡಿದರೂ "ಇವತ್ತು ಏನು ಮಾಡಿದೆ?" ಎಂದು ಕೇಳಿದರೆ ತೋರಿಸಲು ಏನೂ ಇರುವುದಿಲ್ಲ. ಭಾವ ಬಂದಾಗ ಹಾಗೆಯೆ ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅಕ್ಕನಿಗೆ ಉತ್ತರ ಹೊಳೆಯಲಿಲ್ಲ.

ಇನ್ನು, ಇದನ್ನು ವಿದ್ಯೆಯೆಂದು ಏಕೆ ಕರೆದೆನೆಂಬುದನ್ನು ಹೇಳಬೇಕು. ಕೂಸಿಗೆ ನೀರೆರೆಯುವುದನ್ನೇ ನೋಡಿ. ಅವ್ವ ಬಚ್ಚಲಿನಲ್ಲಿ ಮಣೆಯ ಮೇಲೆ ಕುಳಿತು ಕಾಲು ನೀಡಿ, ಮೊಣಕಾಲಿನ ಕೆಳಗೆ ಎರಡು ಕಾಲುಗಳ ನಡುವಣ ತಗ್ಗಿನಲ್ಲಿ ಕೂಸನ್ನು ಮಲಗಿಸಿಕೊಳ್ಳುತ್ತಾಳೆ. ನೀರಿನ ಹದವನ್ನು ನೋಡುವುದು ಅಂಗೈಯಿಂದಲ್ಲ; ಕೆಲಸ ಮಾಡಿ ಗಟ್ಟಿಯಾದ ಅಂಗೈಗೆ ಬಿಸಿ ತಿಳಿಯುವುದಿಲ್ಲವೆಂದು ಮೊಣಕೈ ಅದ್ದಿ ನೋಡುತ್ತಾಳೆ. ತಲೆಗೆ ಎರೆಯುವಾಗ ಎಡಗೈಯನ್ನು ಹಣೆಗೆ ಅಡ್ಡವಾಗಿ ಹಿಡಿದು ನೀರು ಮೂಗಿಗೆ ಇಳಿಯದಂತೆ ತಡೆಯುತ್ತಾಳೆ. ಹಿಂದೆ ಕೂಸಿನ ಕಿವಿಗೆ ಮೂಗಿಗೆ ಎಣ್ಣೆ ಬಿಡುತ್ತಿದ್ದಳು, ಎರೆದ ಮೇಲೆ ದಟ್ಟವಾಗಿ ಸಾಂಬ್ರಾಣಿ ಹೊಗೆ ಹಾಕುತ್ತಿದ್ದಳು. ಅದರಿಂದ ಉಸಿರಿಗೆ ತೊಂದರೆಯೆಂದು ಆಶಾ ಕಾರ್ಯಕರ್ತೆ ತಿಳಿಸಿದ ಮೇಲೆ ಎರಡನ್ನೂ ಬಿಟ್ಟಳು, ಮೊಣಕೈಯನ್ನು ಬಿಡಲಿಲ್ಲ. ಬಂದ ಪದ್ಧತಿಯಲ್ಲಿ ಬೇಕಾದುದನ್ನು ಉಳಿಸಿಕೊಂಡು ಬೇಡದುದನ್ನು ಬಿಡುವ ಈ ವಿವೇಚನೆಗೇ ಅಲ್ಲವೆ ನಾವು ತರಗತಿಯಲ್ಲಿ ವೈಜ್ಞಾನಿಕ ಮನೋಭಾವವೆಂದು ಹೆಸರಿಟ್ಟಿರುವುದು?

ಕೂಸಿಗೆ ಆರು ತಿಂಗಳು ತುಂಬುವುದರೊಳಗೆ ರಾಗಿ ಸರಿಯ ಹಿಟ್ಟು ಸಿದ್ಧವಾಗಬೇಕು. ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕು, ಅನಂತರ ಹಾಲಿನ ಜೊತೆಗೆ ಬೇರೆ ಆಹಾರ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅವ್ವ ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಜಾಲಿಸುತ್ತಾಳೆ. ಮೊಳಕೆ ಏಕೆ ಬರಿಸಬೇಕೆಂದು ಕೇಳಿದರೆ "ಕೂಸಿಗೆ ಅರಗತೈತೆ ಕಣವ್ವ" ಎನ್ನುತ್ತಾಳೆ. ಪುಸ್ತಕವೂ ಅದನ್ನೇ ಸ್ವಲ್ಪ ಉದ್ದವಾಗಿ ಹೇಳುತ್ತದೆ: ಮೊಳಕೆಯೊಡೆಯುವಾಗ ಕಾಳಿನಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಒಡೆಯುತ್ತವೆ, ಆದ್ದರಿಂದ ಬೇಯಿಸಿದ ಸರಿ ಗಂಟಿನಂತಾಗದೆ ತೆಳುವಾಗಿರುತ್ತದೆ, ಅದೇ ಪುಟ್ಟ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಮಗುವಿನ ಹೊಟ್ಟೆಗೆ ಸೇರುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮೀರಿದ ಸುಣ್ಣದ ಅಂಶವಿದೆ. ಅಕ್ಕಿ ಗೋಧಿಗಳು ಇದರ ಹತ್ತಿರಕ್ಕೂ ಬಾರವು. ಅವ್ವನಿಗೆ ಕಿಣ್ವವೆಂಬ ಶಬ್ದ ಗೊತ್ತಿಲ್ಲ. ಆದರೆ ಆ ಶಬ್ದ ಗೊತ್ತಿರುವ ನನಗೆ ಇಂದಿಗೂ ರಾಗಿಯನ್ನು ಹದವಾಗಿ ಹುರಿಯಲು ಬಾರದು.

ಮಾತು ಕಲಿಸುವುದನ್ನು ನೋಡೋಣ. ನಮ್ಮ ಭಾಷೆಯ ಕ್ರಿಯಾಪದಗಳ ತೊಡಕನ್ನು ಬಲ್ಲವರಿಗೆ ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಎಷ್ಟು ಸೂತ್ರಗಳನ್ನು ಹೊಸೆಯಬೇಕಾಯಿತೆಂಬುದು ಗೊತ್ತು. ಅಕ್ಕನ ಮಗಳು ಮೂರು ವರ್ಷಕ್ಕೇ ನಿನ್ನೆಯದನ್ನು ಬೇರೆ, ನಾಳೆಯದನ್ನು ಬೇರೆ ಮಾಡಿ ನುಡಿಯುತ್ತಾಳೆ. ಅಜ್ಜನಿಗೆ "ಬನ್ನಿ", ತಮ್ಮನಿಗೆ "ಬಾ" ಎನ್ನುತ್ತಾಳೆ. ಒಮ್ಮೊಮ್ಮೆ "ತಂದೆ" ಎನ್ನುವ ಬದಲು "ತರಿದೆ" ಎನ್ನುತ್ತಾಳೆ. ಈ ರೂಪವನ್ನು ಅವಳು ಯಾರ ಬಾಯಿಂದಲೂ ಕೇಳಿಲ್ಲ. ಅಂದರೆ ಗಿಳಿಪಾಠ ಮಾಡುತ್ತಿಲ್ಲ. ಕೇಳಿದುದರಿಂದ ನಿಯಮವನ್ನು ತಾನೇ ತೆಗೆದು, ಅಪವಾದದ ಮೇಲೂ ಪ್ರಯೋಗಿಸುತ್ತಿದ್ದಾಳೆ! ಅಕ್ಕ ಅವಳನ್ನು ತಿದ್ದಿ ಗದರಿಸುವುದಿಲ್ಲ. "ಹೌದಾ, ಹೂ ತಂದೆಯಾ? ಎಲ್ಲಿಂದ ತಂದೆ?" ಎಂದು ಸರಿಯಾದ ರೂಪವನ್ನು ಮಾತಿನೊಳಗೇ ಸೇರಿಸಿ ಮರಳಿಸುತ್ತಾಳೆ. ಮಗು ಒಂದು ಸದ್ದು ಮಾಡಿದರೆ ಅದಕ್ಕೆ ಉತ್ತರ ಬರಬೇಕು, ಉತ್ತರಕ್ಕೆ ಮತ್ತೆ ಮಗು ಸದ್ದು ಮಾಡಬೇಕು. ಹೀಗೆ ಚೆಂಡಿನಾಟದಂತೆ ಹೋಗಿಬರುವ ಮಾತಿನಿಂದಲೇ ಎಳೆಯ ಮಿದುಳು ಬೆಳೆಯುತ್ತದೆಂದು ಶಿಶುಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಬಟ್ಟೆ ಒಣಹಾಕುತ್ತ, ಸೊಪ್ಪು ಬಿಡಿಸುತ್ತ, ತಾಯಂದಿರು ಇದನ್ನು ದಿನವೂ ನಡೆಸುತ್ತಾರೆ. ಒಂದನೆಯ ತರಗತಿಯ ಉಪಾಧ್ಯಾಯರಿಗೆ ಮಗು ಬರುವಷ್ಟರಲ್ಲಿ ಅತ್ಯಂತ ಕಷ್ಟದ ಪಾಠ ಮುಗಿದಿರುತ್ತದೆ.

ಮನೆಯ ಹೊರಗಿನ ಒಂದು ನಿದರ್ಶನವನ್ನೂ ಕೊಡುತ್ತೇನೆ. 1971ರಲ್ಲಿ ಬಾಂಗ್ಲಾ ವಿಮೋಚನೆಯ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಏರಿಸುವ ಲವಣಜಲ ಮುಗಿಯುತ್ತ ಬಂತು; ಅದನ್ನು ಏರಿಸಬಲ್ಲ ಕೈಗಳೂ ಸಾಲದಾದವು. ಆಗ ಡಾ. ದಿಲೀಪ್ ಮಹಾಲನಬಿಸ್ ಎಂಬ ವೈದ್ಯರು ಉಪ್ಪು, ಅಡಿಗೆ ಸೋಡ ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಪೀಪಾಯಿಗಳಲ್ಲಿ ತುಂಬಿಸಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಗುಟುಕು ಗುಟುಕಾಗಿ ಕುಡಿಸುವ ಏರ್ಪಾಡು ಮಾಡಿದರು. ನೂರಕ್ಕೆ ಮೂವತ್ತರ ಹತ್ತಿರವಿದ್ದ ಸಾವು, ಈ ನೀರು ಕುಡಿದವರಲ್ಲಿ ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು. 1978ರಲ್ಲಿ 'ಲ್ಯಾನ್ಸೆಟ್' ವೈದ್ಯ ಪತ್ರಿಕೆ ಈ ಚಿಕಿತ್ಸೆಯ ಹಿಂದಿನ ಶೋಧವನ್ನು ಬಹುಶಃ ಆ ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆಯೆಂದು ಕೊಂಡಾಡಿತು. ಔಷಧಿ ಅಗ್ಗವಾದುದು, ಅದರ ಜೊತೆಗೆ ಬೇಕಾದುದು ವಾಂತಿ ಮಾಡಿಕೊಳ್ಳುವ ಮಗುವಿಗೆ ರಾತ್ರಿಯಿಡೀ ಚಮಚ ಚಮಚವಾಗಿ ನೀರು ಕುಡಿಸುವ ಒಬ್ಬರ ತಾಳ್ಮೆ. ಅದು ಯಾರ ತಾಳ್ಮೆಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಬೆಲೆಯುಳ್ಳ ಕೆಲಸವನ್ನು ನಾವು ಹೇಗೆ ಎಣಿಸುತ್ತೇವೆ? ಎಣಿಸುವುದೇ ಇಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಪಿಗೂ ಪಂಡಿತನ ಪ್ರಸಿದ್ಧ ಉದಾಹರಣೆ ಗೊತ್ತಿದೆ. ಒಬ್ಬನು ತನ್ನ ಮನೆ ನೋಡಿಕೊಳ್ಳುತ್ತಿದ್ದ ಸಂಬಳದವಳನ್ನು ಮದುವೆಯಾದರೆ, ಅವಳು ಅದೇ ಕೆಲಸವನ್ನೇ ಮುಂದುವರಿಸಿದರೂ ರಾಷ್ಟ್ರೀಯ ಆದಾಯ ಕಡಿಮೆಯಾಗುತ್ತದೆ! 1920ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಆತ ತೋರಿಸಿದ ಈ ವಿಚಿತ್ರ ನೂರು ವರ್ಷ ಕಳೆದರೂ ಹಾಗೆಯೆ ಉಳಿದಿದೆ. ರಾಷ್ಟ್ರೀಯ ಲೆಕ್ಕದ ಪದ್ಧತಿಯಂತೆ, ಮನೆಯ ಊಟಕ್ಕೆಂದೇ ರಾಗಿ ಬೆಳೆದರೂ ಅದು ಉತ್ಪಾದನೆ. ಅದೇ ರಾಗಿಯನ್ನು ಮುದ್ದೆ ಮಾಡಿ ಬಡಿಸಿದರೆ ಉತ್ಪಾದನೆಯಲ್ಲ. ಹಸುವಿನ ಹಾಲು ರಾಷ್ಟ್ರೀಯ ಆದಾಯಕ್ಕೆ ಸೇರುತ್ತದೆ. ತಾಯಿಯ ಹಾಲು ಸೇರುವುದಿಲ್ಲ.

2001ರ ಜನಗಣತಿಯು ಮನೆವಾರ್ತೆಯಲ್ಲಿರುವ ಹೆಂಗಸರನ್ನು ಭಿಕ್ಷುಕರು, ಕೈದಿಗಳು ಮೊದಲಾದವರೊಡನೆ ದುಡಿಯದವರ ಸಾಲಿಗೆ ಹಾಕಿತ್ತು. ಸರ್ವೋಚ್ಚ ನ್ಯಾಯಾಲಯವು 2010ರ ತೀರ್ಪೊಂದರಲ್ಲಿ ಇದನ್ನು ಖಂಡಿಸಿತು. ಇದಕ್ಕೂ ಮೊದಲು 2001ರಲ್ಲಿ ಅದೇ ನ್ಯಾಯಾಲಯ, ಅಗ್ನಿ ದುರಂತವೊಂದರಲ್ಲಿ ಮಡಿದ ಗೃಹಿಣಿಯರು ಮನೆಗೆ ಸಲ್ಲಿಸುತ್ತಿದ್ದ ಸೇವೆಗೆ ತಿಂಗಳಿಗೆ 3,000 ರೂಪಾಯಿ ಬೆಲೆ ಕಟ್ಟಿತ್ತು. ಈ ತೀರ್ಪುಗಳು ಗೌರವಕ್ಕೆ ಅರ್ಹವಾದುವೇ. ಆದರೆ ಎರಡರಲ್ಲಿಯೂ ಒಂದು ವಿಷಾದದ ಸಂಗತಿಯುಂಟು. ಗೃಹಿಣಿಯ ಕೆಲಸಕ್ಕೆ ಬೆಲೆ ಕಟ್ಟಿದ್ದು ಅವಳು ಸತ್ತ ಮೇಲೆ, ಪರಿಹಾರದ ಮೊಕದ್ದಮೆಯಲ್ಲಿ. ಬದುಕಿದ್ದಾಗ ಅವಳನ್ನು "ಮನೆಯಲ್ಲಿಯೇ ಇದ್ದಾಳೆ" ಎನ್ನುತ್ತಿದ್ದರು.

ಲೆಕ್ಕ ಸಿಗದೆ ಇಲ್ಲ. 2019ರಲ್ಲಿ ಕೇಂದ್ರ ಸರ್ಕಾರ ದೇಶದಾದ್ಯಂತ ಕಾಲಬಳಕೆಯ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದವರು ಹೆಂಗಸರಲ್ಲಿ ನೂರಕ್ಕೆ 81, ಗಂಡಸರಲ್ಲಿ ನೂರಕ್ಕೆ 26. ಹೀಗೆ ತೊಡಗಿದವರಲ್ಲಿಯೂ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡಿದರೆ ಗಂಡಸರು 97 ನಿಮಿಷ ದುಡಿದರು. ಮಕ್ಕಳು, ಮುದುಕರು, ರೋಗಿಗಳ ಆರೈಕೆಯ ಲೆಕ್ಕ ಬೇರೆ: ಹೆಂಗಸರು 134 ನಿಮಿಷ, ಗಂಡಸರು 76 ನಿಮಿಷ. 2024ರ ಸಮೀಕ್ಷೆಯಲ್ಲಿ ಮನೆಗೆಲಸದ ಕಾಲ ಹೆಂಗಸರಿಗೆ 289 ನಿಮಿಷಕ್ಕೂ ಗಂಡಸರಿಗೆ 88 ನಿಮಿಷಕ್ಕೂ ಇಳಿಯಿತು. ಹೆಂಗಸರ ಭಾರ ಹತ್ತು ನಿಮಿಷ ಇಳಿಯಿತೆಂದು ಸಂತೋಷಪಡೋಣ. ಆದರೆ ಆ ಹತ್ತು ನಿಮಿಷವನ್ನು ಗಂಡಸರು ಹೊತ್ತುಕೊಂಡರೆಂದು ಮಾತ್ರ ಯಾರೂ ಭ್ರಮಿಸಬೇಕಾಗಿಲ್ಲ. ಅವರದೂ ಒಂಬತ್ತು ನಿಮಿಷ ಇಳಿದಿದೆ.

ಈ ವಿಚಾರವನ್ನು ಸ್ನೇಹಿತರೊಡನೆ ಚರ್ಚಿಸಿದಾಗ ಮೂರು ಆಕ್ಷೇಪಣೆಗಳು ಬಂದವು. ಮೂರನ್ನೂ ಪರಿಶೀಲಿಸತಕ್ಕದ್ದು.

ಮೊದಲನೆಯದು: "ತಾಯಿ ಪ್ರೀತಿಯಿಂದ ಮಾಡುತ್ತಾಳೆ, ಪ್ರೀತಿಯನ್ನು ನಿಮಿಷಗಳಲ್ಲಿ ಅಳೆಯುವುದು ಸಣ್ಣತನವಲ್ಲವೆ?" ಪ್ರೀತಿಯನ್ನು ಅಳೆಯಬೇಕೆಂದು ನಾನು ಹೇಳುತ್ತಿಲ್ಲ, ಆಯಾಸವನ್ನು ಅಳೆಯಬೇಕೆನ್ನುತ್ತೇನೆ. ಅಕ್ಕನಿಗೆ ಮಕ್ಕಳ ಮೇಲಿನ ಪ್ರೀತಿ ಬೆಳಿಗ್ಗೆ ಎಷ್ಟಿದೆಯೋ ರಾತ್ರಿಯೂ ಅಷ್ಟೇ ಇರುತ್ತದೆ, ಇಲ್ಲದಿರುವುದು ತಾಳ್ಮೆ. ಬೆಳಿಗ್ಗೆ ಗುಂಡಿ ಹಾಕಿಕೊಳ್ಳುವ ಮಗಳಿಗಾಗಿ ಕಾಲುಗಂಟೆ ಕಾದ ತಾಯಿಯೇ ರಾತ್ರಿ ಚೆಲ್ಲಿದ ನೀರಿಗೆ ಬೆನ್ನಿಗೊಂದು ಗುದ್ದುತ್ತಾಳೆ. ಆಮೇಲೆ ತಾನೂ ಅಳುತ್ತಾಳೆ. ಆ ಏಟು ಬಿದ್ದದ್ದು ಪ್ರೀತಿಯ ಕೊರತೆಯಿಂದಲ್ಲ, ನಿದ್ರೆಯ ಕೊರತೆಯಿಂದ. ಸಂಜೆ ಒಂದು ಗಂಟೆ ಮಕ್ಕಳನ್ನು ಬೇರೊಬ್ಬರು ಎತ್ತಿಕೊಂಡಿದ್ದರೆ ಮಗಳಿಗೆ ಆ ಏಟು ತಪ್ಪುತ್ತಿತ್ತು.

ಎರಡನೆಯದು: "ನಮ್ಮ ಅಜ್ಜಿಯರು ಎಂಟು ಹತ್ತು ಮಕ್ಕಳನ್ನು ಸಾಕಲಿಲ್ಲವೆ? ಅವರೇನು ಗೊಣಗಿದರೆ?" ಸಾಕಿದರು, ಆದರೆ ಒಬ್ಬರೇ ಸಾಕಲಿಲ್ಲ. ಅತ್ತೆ, ಓರಗಿತ್ತಿ, ನಾದಿನಿ, ನೆರೆಮನೆಯಾಕೆ ಎಲ್ಲರ ಸೊಂಟವೂ ಕೂಸಿಗೆ ಪೀಠವಾಗಿತ್ತು. ಇಂದು ಪಟ್ಟಣದ ಒಂದು ಕೋಣೆಯ ಮನೆಯಲ್ಲಿ, ಗಂಡ ಕೆಲಸಕ್ಕೆ ಹೋದಮೇಲೆ, ತಾಯಿ ಎರಡು ಮಕ್ಕಳೊಡನೆ ಒಬ್ಬಳೇ ಉಳಿಯುತ್ತಾಳೆ. ಅದಿರಲಿ, ಅಜ್ಜಿಯರು ಹೆತ್ತ ಮಕ್ಕಳೆಲ್ಲ ಉಳಿದರೆ? 1951ರ ಸುಮಾರಿನಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 146 ಕೂಸುಗಳು ಮೊದಲ ಹುಟ್ಟುಹಬ್ಬವನ್ನು ಕಾಣುತ್ತಿರಲಿಲ್ಲ. 2020ರ ಹೊತ್ತಿಗೆ ಈ ಸಂಖ್ಯೆ 28ಕ್ಕೆ ಇಳಿಯಿತು. ಲಸಿಕೆ, ಆಸ್ಪತ್ರೆ, ಶುದ್ಧವಾದ ನೀರು ಇದಕ್ಕೆ ಕಾರಣ. ಆದರೆ ಲಸಿಕೆಯ ದಿನವನ್ನು ನೆನಪಿಟ್ಟು, ಕೂಲಿ ಬಿಟ್ಟು, ಕೂಸನ್ನು ಎತ್ತಿಕೊಂಡು ನಡೆದ ಕಾಲುಗಳೂ ಕಾರಣವಲ್ಲವೆ? ನಮ್ಮ ಅಜ್ಜಿ ಹೆತ್ತದ್ದು ಒಂಬತ್ತು, ಉಳಿದದ್ದು ಐದು. ಅವಳು ಗೊಣಗಲಿಲ್ಲವೆಂಬುದಕ್ಕೆ ನಮಗೆ ಸಾಕ್ಷಿಯೇನು? ಕೇಳಿಸಿಕೊಂಡವರಿರಲಿಲ್ಲ, ಅಷ್ಟೆ.

ಮೂರನೆಯದು ಈ ಕಾಲದ್ದು: "ಈಗಿನ ತಾಯಂದಿರು ಮಗುವಿನ ಕೈಗೆ ಮೊಬೈಲು ಕೊಟ್ಟು ಸುಮ್ಮನಾಗುತ್ತಾರೆ." ಎರಡು ವರ್ಷದೊಳಗಿನ ಮಗುವಿಗೆ ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2019ರಲ್ಲಿ ಹೇಳಿದೆ; ಅದನ್ನು ನಾನು ಅಲ್ಲಗಳೆಯುವುದಿಲ್ಲ. ಪರದೆ ಮಾತಾಡುತ್ತದೆ, ಆದರೆ ಮಗು ಆಡಿದ ಮಾತಿಗೆ ಉತ್ತರ ಕೊಡುವುದಿಲ್ಲ. ಆದರೆ ಒಂದು ಕೈಯಲ್ಲಿ ಒಲೆಯ ಮೇಲಿನ ಪಾತ್ರೆ ಹಿಡಿದವಳು ಇನ್ನೊಂದು ಕೈಯಿಂದ ಮಗುವನ್ನು ಬೆಂಕಿಯಿಂದ ದೂರ ಇರಿಸಬೇಕಾದಾಗ, ಮನೆಯಲ್ಲಿ ಮೂರನೆಯ ಕೈ ಯಾವುದು? ಜಗಲಿಯ ಮೇಲೆ ಅದೇ ಹೊತ್ತಿನಲ್ಲಿ ತನ್ನ ಮೊಬೈಲು ನೋಡುತ್ತ ಕುಳಿತ ಗಂಡಸಿನ ಎರಡು ಕೈಗಳನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡಿದ್ದೇವೆಯೆ? ತಾಯಿಯನ್ನು ದೂರುವ ಮುನ್ನ ಇದನ್ನು ವಿಚಾರಿಸುವುದು ನ್ಯಾಯ.

ಹಾಗಾದರೆ ಮಾಡತಕ್ಕದ್ದೇನು? ಮೊದಲ ಹೆಜ್ಜೆಗೆ ಕಾಯ್ದೆಯೂ ಬೇಡ, ಹಣವೂ ಬೇಡ. ಹಾಲೂಡಿಸುವುದೊಂದನ್ನು ಬಿಟ್ಟರೆ ಎಳೆಯ ಮಕ್ಕಳ ಕೆಲಸವೆಲ್ಲ ಗಂಡಸಿನ ಕೈಗೂ ಸಾಧ್ಯವಾದುದೇ. "ನಮಗೆ ಬಾರದು" ಎಂಬ ಉತ್ತರ ಸಲ್ಲದು. ಒದೆಯುವ ಎಮ್ಮೆಯನ್ನು ಸಂತೈಸಿ ಹಾಲು ಕರೆಯುವ ನಮ್ಮಪ್ಪ, ಕೂಸನ್ನು ಎತ್ತಿಕೊಂಡರೆ ಜಾರಿಬಿಡುತ್ತದೆಂದು ಹೆದರುತ್ತಿದ್ದರು. ಕಳೆದ ಮಳೆಗಾಲ ಅವ್ವ ಚಿಕೂನ್‌ಗುನ್ಯದಿಂದ ಹತ್ತು ದಿನ ಮಲಗಿದಾಗ ಬೇರೆ ದಾರಿಯಿಲ್ಲದೆ ದೊಡ್ಡ ಮೊಮ್ಮಗಳನ್ನು ಅವರೇ ಮೀಯಿಸಿ, ಉಣ್ಣಿಸಿ, ಮಲಗಿಸಿದರು. ಮೊದಲ ದಿನ ಸಂಜೆ "ಎರಡೆಕರೆ ಉತ್ತಂಗಾಯ್ತು ಕಣವ್ವ" ಎಂದರು. ಹತ್ತನೆಯ ದಿನಕ್ಕೆ ಆ ಮಗು ಅಜ್ಜನ ತೊಡೆಯಲ್ಲದೆ ಬೇರೆಲ್ಲಿಯೂ ಮಲಗಲೊಲ್ಲದಾಯಿತು. ಅವ್ವ ಎದ್ದು ಓಡಾಡುವಂತಾದರೂ ಆ ಕೆಲಸ ಅಪ್ಪನ ಕೈಯಲ್ಲಿಯೆ ಉಳಿದಿದೆ. ಊರಿನಲ್ಲಿ ಒಬ್ಬಿಬ್ಬರು ನಕ್ಕರು. ಈಗ ನಗುವುದನ್ನು ಬಿಟ್ಟಿದ್ದಾರೆ.

ಎರಡನೆಯ ಹೆಜ್ಜೆ ಸರ್ಕಾರದ್ದು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ, ನಮ್ಮ ರಾಜ್ಯದಲ್ಲಿ ಅದಕ್ಕೆ ಆರಿಸಿದ್ದು ಮೈಸೂರು ಜಿಲ್ಲೆಯ ತಿ. ನರಸೀಪುರವನ್ನು. ಅಂದಿನಿಂದ ಅಂಗನವಾಡಿ ಎಷ್ಟೋ ಮಕ್ಕಳ ಹೊಟ್ಟೆ ತುಂಬಿಸಿದೆ. ನನ್ನ ಮೊದಲ ಹಾಡು ಕಲಿತದ್ದೂ ಅಲ್ಲಿಯೆ. ಆದರೆ ಅಲ್ಲಿ ಕುಳಿತು ಕಲಿಯುವುದು ಮೂರರಿಂದ ಆರು ವರ್ಷದ ಮಕ್ಕಳು. ಮೂರು ವರ್ಷದ ಕೆಳಗಿನ ಕೂಸಿಗೆ ಮನೆಗೆ ಒಯ್ಯುವ ಆಹಾರ ಸಿಗುತ್ತದೆ. ತಾಯಿ ಕೂಲಿಗೆ ಹೋದಾಗ ಕೂಸನ್ನು ಎಲ್ಲಿ ಬಿಡಬೇಕೆಂಬುದಕ್ಕೆ ಉತ್ತರ ಸಿಗುವುದಿಲ್ಲ. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯಲ್ಲಿ, ಕೆಲಸದ ಸ್ಥಳಕ್ಕೆ ಆರು ವರ್ಷದ ಕೆಳಗಿನ ಐದು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬಾಕೆಯನ್ನು ನೇಮಿಸಿ ಅವಳಿಗೂ ಕೂಲಿ ಕೊಡಬೇಕೆಂದು ಬರೆದಿತ್ತು. 2023ರಲ್ಲಿ ನಮ್ಮ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವ ಯೋಜನೆ ಹಾಕಿತು. ದಾರಿ ಇದೇ ಸರಿ. ಕೂಸು ನೋಡಿಕೊಳ್ಳುವುದೂ ಕೂಲಿಗೆ ಅರ್ಹವಾದ ಕೆಲಸವೆಂದು ಸರ್ಕಾರದ ಕಾಗದದ ಮೇಲೆ ಒಮ್ಮೆ ಒಪ್ಪಿಕೊಂಡ ಮೇಲೆ ಅದರಿಂದ ಹಿಂದೆಗೆಯಬಾರದು. ಹೆರಿಗೆ ರಜೆಯ ವಿಷಯವೂ ಹಾಗೆಯೆ. 2017ರ ತಿದ್ದುಪಡಿಯಿಂದ 12 ವಾರಗಳ ರಜೆ 26 ವಾರಗಳಾಯಿತು. ಸಂಬಳದ ಚೀಟಿಯುಳ್ಳ ತಾಯಿಗೆ ಅದು ದೊಡ್ಡ ಉಪಕಾರ. ಹೊಲದ ಬದುವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿ ಕಳೆ ಕೀಳುವವಳಿಗೆ ರಜೆ ಕೊಡುವ ಯಜಮಾನ ಯಾರು?

ಮೂರನೆಯ ಹೆಜ್ಜೆ ನಮ್ಮದು, ಅಂದರೆ ಈ ಕಾಲೇಜಿನದು. ದೂರದ ಸರ್ಕಾರಕ್ಕೆ ಬುದ್ಧಿ ಹೇಳಿ ಹತ್ತಿರದ ಕರ್ತವ್ಯವನ್ನು ಮರೆಯುವುದು ಲೇಖನ ಬರೆಯುವವರ ಹಳೆಯ ಚಾಳಿ.

ಮೊದಲ ವರ್ಷದಲ್ಲಿ ನಮ್ಮೊಡನೆ ಕುಳಿತಿದ್ದ ಹುಡುಗಿಯರಲ್ಲಿ ಮೂವರು ಈಗ ತಾಯಂದಿರು. ಇಬ್ಬರು ಓದು ಬಿಟ್ಟರು. ಒಬ್ಬಳು ಬಿಡಲಿಲ್ಲ. ಅವಳ ಮನೆಯಲ್ಲಿಯೂ ಅವಳಿಗಿಂತ ಹಿಂದೆ ಯಾರೂ ಪದವಿ ಪಡೆದವರಿಲ್ಲ. ಕಳೆದ ಪರೀಕ್ಷೆಯ ಮೂರು ಗಂಟೆಗಳ ಕಾಲ ಅವಳ ಅತ್ತೆ ನಾಲ್ಕು ತಿಂಗಳ ಕೂಸನ್ನು ಮಡಿಲಲ್ಲಿಟ್ಟುಕೊಂಡು ಸೈಕಲ್ ನಿಲ್ದಾಣದ ಬದಿಯ ಹೊಂಗೆಯ ಮರದ ಕೆಳಗೆ ಕುಳಿತಿದ್ದರು. ನಡುವೆ ಕೂಸು ಅತ್ತಿತು. ಪರೀಕ್ಷೆಯ ಕೊಠಡಿಯ ಕಿಟಕಿಯಿಂದ ಆ ಅಳು ನಮಗೆಲ್ಲರಿಗೂ ಕೇಳಿಸಿತು, ಅವಳಿಗೂ ಕೇಳಿಸಿತು. ಲೇಖನಿ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬರೆಯತೊಡಗಿದಳು. ಹೊರಗೆ ಬಂದ ಮೇಲೆ ಹಾಲೂಡಿಸಲು ಮರೆಯಾದ ಸ್ಥಳ ಹುಡುಕುತ್ತ ಕಟ್ಟಡದ ಹಿಂದಿನ ನೀರಿನ ತೊಟ್ಟಿಯವರೆಗೆ ಹೋದಳು. ಆ ದಿನ ಅತ್ತೆಯನ್ನು ಮಾತಾಡಿಸಿದೆ. "ನನ್ನ ಕೈಲಿ ಓದಕ್ಕಾಗ್ಲಿಲ್ಲ ಕಣವ್ವ, ಇವ್ಳಾದ್ರೂ ಓದ್ಲಿ ಅಂತ ಕೂತಿವ್ನಿ" ಎಂದರು.

ಓದುತ್ತಿರುವ ತಾಯಂದಿರಿಗೆ ಹೆರಿಗೆ ರಜೆ ಮತ್ತು ಹಾಜರಾತಿಯ ರಿಯಾಯಿತಿ ಕೊಡಲು ನಿಯಮ ರಚಿಸಬೇಕೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2021ರ ಡಿಸೆಂಬರಿನಲ್ಲಿಯೇ ವಿಶ್ವವಿದ್ಯಾನಿಲಯಗಳಿಗೆ ಬರೆದಿದೆ. ಈ ಸಂಗತಿ ನಮ್ಮಲ್ಲಿ ಎಷ್ಟು ಜನ ವಿದ್ಯಾರ್ಥಿನಿಯರಿಗೆ ಗೊತ್ತು? ಓದು ಬಿಟ್ಟ ಆ ಇಬ್ಬರಿಗೆ ಗೊತ್ತಿರಲಿಲ್ಲ. ಇದನ್ನು ಸೂಚನಾ ಫಲಕದಲ್ಲಿ, ಕನ್ನಡದಲ್ಲಿ, ಪ್ರತಿವರ್ಷ ಪ್ರವೇಶದ ಸಮಯದಲ್ಲಿ ಹಾಕಬೇಕೆಂಬುದು ನನ್ನ ಮೊದಲ ಬಿನ್ನಹ.

ಎರಡನೆಯದು ಒಂದು ಕೊಠಡಿ. ವಿದ್ಯಾರ್ಥಿನಿಯರ ವಿಶ್ರಾಂತಿ ಕೊಠಡಿಯ ಪಕ್ಕದಲ್ಲಿ ಮುರಿದ ಬೆಂಚುಗಳನ್ನು ತುಂಬಿ ಬೀಗ ಹಾಕಿದ ಸಣ್ಣ ಕೊಠಡಿಯೊಂದಿದೆ. ಬೆಂಚುಗಳನ್ನು ಸಾಗಿಸಿ ಸುಣ್ಣ ಬಳಿದರೆ ಪರೀಕ್ಷೆಯ ದಿನಗಳಲ್ಲಿ ಕೂಸನ್ನು ಹಿಡಿದ ಅತ್ತೆಯೋ ತಾಯಿಯೋ ಗಂಡನೋ ಅಲ್ಲಿ ಕೂರಬಹುದು. ಬಿಡುವಿನಲ್ಲಿ ತಾಯಿ ಹಾಲೂಡಿಸಬಹುದು. ಅದಕ್ಕೆ ಬೇಕಾದುದು ಒಂದು ಚಾಪೆ, ಒಂದು ಕೊಡ ನೀರು, ಒಳಗಿನಿಂದ ಹಾಕಿಕೊಳ್ಳುವ ಅಗುಳಿ, ಒಂದು ತೊಟ್ಟಿಲು. ಬೆಂಚು ಹೊರಲು ನಮ್ಮ ತರಗತಿಯ ಹುಡುಗರು ಸಿದ್ಧರಿದ್ದಾರೆ. ತೊಟ್ಟಿಲಿನ ಹಣವನ್ನು ಬೀಳ್ಕೊಡುಗೆ ಸಮಾರಂಭದ ವಂತಿಗೆಯಲ್ಲಿ ಉಳಿಸಿ ಕೊಡಲು ಅಂತಿಮ ಬಿ.ಎ. ತರಗತಿಯವರೆಲ್ಲರೂ ಒಪ್ಪಿದ್ದೇವೆ. ಕೊಠಡಿಯ ಬೀಗದ ಕೈ ಮಾತ್ರ ಹಿರಿಯರ ಬಳಿಯಿದೆ. ಬರುವ ಪರೀಕ್ಷೆಗೆ ಮುನ್ನ ಅದನ್ನು ಕೊಡಿಸಬೇಕೆಂದು ಪ್ರಾಂಶುಪಾಲರನ್ನೂ ಅಧ್ಯಾಪಕ ವೃಂದವನ್ನೂ ವಿನಯಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.

— ಅಂತಿಮ ಬಿ.ಎ. ವಿದ್ಯಾರ್ಥಿನಿ